ಹನ್ನೆರಡು ಪೊಟ್ಟಣ ತೂಗಿ ಇಡೀ ರಾಶಿಯ ಬಗ್ಗೆ ಎಷ್ಟು ಹೇಳಬಹುದು?

ಯಂತ್ರವೊಂದು 500 ಗ್ರಾಂ ಪೊಟ್ಟಣಗಳನ್ನು ತುಂಬುತ್ತಿದೆ. ಒಂದು ಪಾಳಿಯಲ್ಲಿ ಸಾವಿರಾರು ಪೊಟ್ಟಣ ಹೊರಬರುತ್ತವೆ, ಎಲ್ಲವನ್ನೂ ತೂಗುತ್ತಾ ಕೂರಲಾಗದು. ಹನ್ನೆರಡನ್ನು ತೆಗೆದು ತೂಗಿದಾಗ ಗ್ರಾಂ ಲೆಕ್ಕದಲ್ಲಿ ಹೀಗೆ ಬಂತು ಎಂದಿಟ್ಟುಕೊಳ್ಳಿ: 497, 503, 501, 498, 505, 499, 502, 496, 501, 504, 499, 501. ಸರಾಸರಿ 500.5. ಬೇರೆ ಹನ್ನೆರಡನ್ನು ತೆಗೆದಿದ್ದರೆ 499.8 ಬರಬಹುದಿತ್ತು, 501.2 ಕೂಡ ಬರಬಹುದಿತ್ತು. ಹಾಗಾಗಿ 500.5 ಎಂಬ ಒಂಟಿ ಅಂಕಿಯನ್ನು ವರದಿಯಲ್ಲಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಅದು ಎಷ್ಟು ಅತ್ತಿತ್ತ ಆಗಬಹುದು ಎಂಬುದನ್ನೂ ಹೇಳಬೇಕು. ಆ ಕೆಲಸಕ್ಕೆ ಇರುವುದೇ ವಿಶ್ವಾಸಾಂತರ, ಅಂದರೆ ಕಾನ್ಫಿಡೆನ್ಸ್ ಇಂಟರ್ವಲ್.

ಮೊದಲು ಪ್ರತಿ ತೂಕದಿಂದ 500.5 ಕಳೆದು, ಬಂದ ವ್ಯತ್ಯಾಸವನ್ನು ವರ್ಗ ಮಾಡಿ, ಎಲ್ಲವನ್ನೂ ಕೂಡಿ: 85 ಬರುತ್ತದೆ. ಇದನ್ನು 12ರಿಂದಲ್ಲ, 11ರಿಂದ ಭಾಗಿಸಬೇಕು. ವ್ಯತ್ಯಾಸಗಳನ್ನು ಅಳೆದದ್ದು ಇದೇ ಹನ್ನೆರಡರ ಸರಾಸರಿಯಿಂದ. ವರ್ಗಗಳ ಮೊತ್ತ ಅತಿ ಕಡಿಮೆ ಆಗುವುದು ಈ ಸರಾಸರಿಯಿಂದ ಅಳೆದಾಗಲೇ, ಹಾಗಾಗಿ ಇಡೀ ರಾಶಿಯ ನಿಜವಾದ ಸರಾಸರಿಯಿಂದ ಅಳೆದಿದ್ದರೆ ಬರುತ್ತಿದ್ದುದಕ್ಕಿಂತ ಮೊತ್ತ ಚಿಕ್ಕದಾಗಿಯೇ ಬರುತ್ತದೆ. 11ರಿಂದ ಭಾಗಿಸುವುದು ಆ ಕೊರತೆಯನ್ನು ಸರಿದೂಗಿಸಲು. 85ನ್ನು 11ರಿಂದ ಭಾಗಿಸಿದರೆ 7.73, ಅದರ ವರ್ಗಮೂಲ 2.78. ಇದು ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್. ಎಕ್ಸೆಲ್‌ನಲ್ಲಿ ಮಾನಕ ವಿಚಲನೆಗೆ ಎರಡು ಸೂತ್ರಗಳಿವೆ, ‘ಎಸ್’ ಅಕ್ಷರದಲ್ಲಿ ಮುಗಿಯುವುದು ಮತ್ತು ‘ಪಿ’ ಅಕ್ಷರದಲ್ಲಿ ಮುಗಿಯುವುದು. ಇಲ್ಲಿ ಬೇಕಾದದ್ದು ‘ಎಸ್’.

ಮಾನಕ ವಿಚಲನೆಯನ್ನು 12ರ ವರ್ಗಮೂಲದಿಂದ, ಅಂದರೆ 3.464ರಿಂದ ಭಾಗಿಸಿದರೆ 0.80 ಗ್ರಾಂ. ಇದು ಸರಾಸರಿಯ ಮಾನಕ ದೋಷ. ಇವೆರಡನ್ನೂ ಕಲಸಿಬಿಡುವುದು ಬಹಳ ಸಾಮಾನ್ಯ. 2.78 ಹೇಳುವುದು ಪೊಟ್ಟಣದಿಂದ ಪೊಟ್ಟಣಕ್ಕೆ ತೂಕ ಎಷ್ಟು ಬದಲಾಗುತ್ತದೆ ಎಂದು. 0.80 ಹೇಳುವುದು ಹನ್ನೆರಡರ ಸರಾಸರಿ, ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಎಷ್ಟು ಬದಲಾಗುತ್ತದೆ ಎಂದು.

ಇನ್ನು ಗುಣಕ, ಅಂದರೆ ಅಂತರದ ಅರ್ಧ ಅಗಲ ಸಿಗಲು ಮಾನಕ ದೋಷವನ್ನು ಗುಣಿಸಬೇಕಾದ ಸಂಖ್ಯೆ. 1.96 ಎಂಬ ಸಂಖ್ಯೆ ಎಲ್ಲರಿಗೂ ಬಾಯಿಪಾಠ. ಅದು ಸರಿಹೊಂದುವುದು ಇಡೀ ಸಮಷ್ಟಿಯ, ಅಂದರೆ ಸ್ಯಾಂಪಲ್ ತೆಗೆದ ಪೂರ್ತಿ ರಾಶಿಯ, ಮಾನಕ ವಿಚಲನೆ ಮೊದಲೇ ಗೊತ್ತಿದ್ದಾಗ ಅಥವಾ ಸ್ಯಾಂಪಲ್ ದೊಡ್ಡದಿದ್ದಾಗ. ಇಲ್ಲಿ 2.78 ಎಂಬುದೂ ಬರೀ ಹನ್ನೆರಡು ಪೊಟ್ಟಣಗಳಿಂದ ಬಂದ ಅಂದಾಜು, ಅದೂ ಅಲುಗಾಡುವ ಸಂಖ್ಯೆಯೇ. ಬಿಯರ್ ತಯಾರಿಸುವ ಗಿನ್ನಿಸ್ ಕಂಪನಿಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬಿಡಿಸಿದ್ದು ಇದೇ ಸಮಸ್ಯೆಯನ್ನು. ಅವರಿಂದ ಬಂದ ಟಿ ಕೋಷ್ಟಕದಲ್ಲಿ 11ರ (ಸ್ಯಾಂಪಲ್ ಸಂಖ್ಯೆಗಿಂತ ಒಂದು ಕಡಿಮೆ) ಸಾಲು ನೋಡಿದರೆ ಶೇ 95ಕ್ಕೆ ಗುಣಕ 2.201. ಮಾನಕ ದೋಷವನ್ನು ಅದರಿಂದ ಗುಣಿಸಿದರೆ 1.77 ಗ್ರಾಂ. ಹಾಗಾಗಿ ಅಂತರ 498.7ರಿಂದ 502.3 ಗ್ರಾಂ. 1.96 ಹಾಕಿದ್ದರೆ 498.9ರಿಂದ 502.1 ಬರುತ್ತಿತ್ತು. ಕಣ್ಣಿಗೆ ಸಣ್ಣ ವ್ಯತ್ಯಾಸ, ಆದರೆ ಶೇ 95 ಎಂದು ಹೇಳಿಕೊಂಡ ವಿಧಾನ ವಾಸ್ತವದಲ್ಲಿ ಗುರಿ ಮುಟ್ಟುವುದು ಶೇ 92ರ ಆಸುಪಾಸಿನಷ್ಟು ಸಲ ಮಾತ್ರ. ಐದಾರು ಅಳತೆಗಳಷ್ಟೇ ಇದ್ದರೆ ಈ ಕೊರತೆ ಇನ್ನೂ ಹೆಚ್ಚು. ಎಕ್ಸೆಲ್ ಬಳಸುವವರು ‘ಕಾನ್ಫಿಡೆನ್ಸ್.ಟಿ’ ಆರಿಸಿಕೊಳ್ಳಿ. ಅದು ಕೊಡುವುದು ಅರ್ಧ ಅಗಲವನ್ನು. ಸರಾಸರಿಗೆ ಅದನ್ನು ಕೂಡಿಸುವುದು, ಕಳೆಯುವುದು ನಿಮ್ಮ ಕೆಲಸ.

ಈಗ ಮೇಲಿನ ಹನ್ನೆರಡು ಅಂಕಿಗಳನ್ನು ಮತ್ತೊಮ್ಮೆ ನೋಡಿ. 496, 497, 498, 503, 504, 505: ಆರು ಪೊಟ್ಟಣಗಳು ಈ ಅಂತರದ ಹೊರಗಿವೆ. ಅಂದರೆ ಅರ್ಧಕ್ಕರ್ಧ! ಲೆಕ್ಕ ತಪ್ಪಿಲ್ಲ. ‘ಶೇ 95ರಷ್ಟು ಪೊಟ್ಟಣಗಳ ತೂಕ 498.7ರಿಂದ 502.3ರ ನಡುವೆ ಇದೆ’ ಎಂದು ಓದುವುದು ತಪ್ಪು. ಈ ಅಂತರ ಸರಾಸರಿಗೆ ಸಂಬಂಧಿಸಿದ್ದು, ಬಿಡಿ ಪೊಟ್ಟಣಕ್ಕಲ್ಲ. ಮುಂದೆ ಬರುವ ಒಂದು ಪೊಟ್ಟಣದ ತೂಕ ಎಷ್ಟಿರಬಹುದು ಎಂಬುದೇ ಪ್ರಶ್ನೆಯಾದರೆ, ಮಾನಕ ವಿಚಲನೆಯನ್ನು ‘1 ಕೂಡಿಸು 12ರಲ್ಲೊಂದು’ ಎಂಬುದರ ವರ್ಗಮೂಲದಿಂದ ಗುಣಿಸಿ, ಮತ್ತೆ 2.201ರಿಂದ ಗುಣಿಸಬೇಕು. ಆಗ ಬರುವುದು 494.1ರಿಂದ 506.9. ಸ್ಯಾಂಪಲ್ ಎಷ್ಟೇ ದೊಡ್ಡದು ಮಾಡಿದರೂ ಈ ಎರಡನೆಯ ಅಂತರ ಒಂದು ಮಿತಿಗಿಂತ ಕಿರಿದಾಗದು, ಯಾಕೆಂದರೆ ಯಂತ್ರದ ಏರುಪೇರು ಸ್ಯಾಂಪಲ್‌ನಿಂದ ಕಡಿಮೆಯಾಗುವಂಥದ್ದಲ್ಲ.

ಹಾಗಾದರೆ ಶೇ 95 ಎನ್ನುವುದು ಯಾವುದರ ಗುಣ? ವಿಧಾನದ್ದು. ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ 1930ರ ದಶಕದಲ್ಲಿ ಈ ಸಿದ್ಧಾಂತವನ್ನು ಕಟ್ಟಿದಾಗ ಹೇಳಿದ್ದು ಇದನ್ನೇ: ಇದೇ ರೀತಿ ಮತ್ತೆ ಮತ್ತೆ ಸ್ಯಾಂಪಲ್ ತೆಗೆದು ಪ್ರತಿ ಸಲ ಅಂತರ ಲೆಕ್ಕ ಹಾಕಿದರೆ, ನೂರರಲ್ಲಿ ಸುಮಾರು 95 ಅಂತರಗಳು ನಿಜವಾದ ಬೆಲೆಯನ್ನು ಒಳಗೊಂಡಿರುತ್ತವೆ. ಕೈಯಲ್ಲಿರುವ ಈ ಒಂದು ಅಂತರ ಆ 95ರಲ್ಲಿ ಸೇರಿದ್ದೋ ಉಳಿದ ಐದರಲ್ಲೋ ಎಂದು ಅಂಕಿಗಳನ್ನು ನೋಡಿ ಹೇಳಲಾಗದು. ಇದನ್ನು ಗೊಣಗಾಟವೆಂದು ತಳ್ಳಿಹಾಕಬೇಡಿ. ಇದರಿಂದ ಆಗುವ ಪರಿಣಾಮ ದೊಡ್ಡದು: ವಿಧಾನ ಕೆಟ್ಟರೆ ಶೇ 95ಕ್ಕೆ ಅರ್ಥವೇ ಉಳಿಯುವುದಿಲ್ಲ.

ವಿಧಾನ ಕೆಡುವುದು ಹೆಚ್ಚಾಗಿ ಸ್ಯಾಂಪಲ್ ತೆಗೆಯುವ ಹಂತದಲ್ಲಿ, ಸೂತ್ರದಲ್ಲಲ್ಲ. ಆ ಹನ್ನೆರಡು ಪೊಟ್ಟಣಗಳನ್ನು ಒಂದೇ ನಿಮಿಷದಲ್ಲಿ ಸಾಲಾಗಿ ಎತ್ತಿಕೊಂಡಿದ್ದರೆ ಅವೆಲ್ಲ ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ, ಏಕೆಂದರೆ ಯಂತ್ರದ ಹೊಂದಾಣಿಕೆ ನಿಧಾನವಾಗಿ ಸರಿಯುವಂಥದ್ದು. ಆಗ ಮಾನಕ ವಿಚಲನೆ ಚಿಕ್ಕದಾಗುತ್ತದೆ, ಅಂತರ ಕಿರಿದಾಗುತ್ತದೆ, ನೋಡಿದವರು ನಿಖರತೆ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಹೇಳಿದ್ದು ಮಾತ್ರ ಆ ಒಂದು ನಿಮಿಷದ ಬಗ್ಗೆ. ಪಾಳಿಯ ಉದ್ದಕ್ಕೂ ಯಾದೃಚ್ಛಿಕವಾಗಿ ಆರಿಸಿದ ಹನ್ನೆರಡು ಹೊತ್ತಿನಲ್ಲಿ ಒಂದೊಂದು ತೆಗೆಯುವುದು ಸರಿಯಾದ ಕ್ರಮ.

ಜನರ ಸಮೀಕ್ಷೆಯಲ್ಲೂ ಇದೇ ಕಾಟ ಬೇರೆ ರೂಪದಲ್ಲಿ ಬರುತ್ತದೆ. 400 ಜನರಲ್ಲಿ 120 ಮಂದಿ ‘ಹೌದು’ ಎಂದರೆ ಶೇ 30. 0.3ನ್ನು 0.7ರಿಂದ ಗುಣಿಸಿ, 400ರಿಂದ ಭಾಗಿಸಿ, ವರ್ಗಮೂಲ ತೆಗೆದು, 1.96ರಿಂದ ಗುಣಿಸಿದರೆ 4.5 ಶೇಕಡಾಂಶ. ಅಂತರ ಶೇ 25.5ರಿಂದ 34.5. ಆದರೆ ಆ 400 ಮಂದಿ 20 ಬಡಾವಣೆಗಳಿಂದ ತಲಾ 20ರಂತೆ ಬಂದವರಾದರೆ, ಒಂದೇ ಬಡಾವಣೆಯವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಆ ಹೋಲಿಕೆಯ ಗುಣಾಂಕ 0.1 ಇದ್ದರೂ ಸಾಕು, 20ರಲ್ಲಿ ಒಂದು ಕಳೆದು ಬಂದ 19ನ್ನು 0.1ರಿಂದ ಗುಣಿಸಿ 1 ಕೂಡಿಸಿದರೆ 2.9. 400ನ್ನು ಇದರಿಂದ ಭಾಗಿಸಿ: 400 ಮಂದಿ ಕೊಡುವ ಮಾಹಿತಿ ಬಿಡಿಬಿಡಿಯಾಗಿ ಆರಿಸಿದ 138 ಮಂದಿಯಷ್ಟೇ. 4.5ನ್ನು 2.9ರ ವರ್ಗಮೂಲದಿಂದ ಗುಣಿಸಿ, 4.5 ಎಂದು ಬರೆದ ಕಡೆ 7.6 ಬರೆಯಬೇಕು. ಇದನ್ನು ಮರೆತ ವರದಿಗಳು ಹೇರಳವಾಗಿವೆ.

ಸ್ಯಾಂಪಲ್ ದೊಡ್ಡದು ಮಾಡಿದರೆ ಪಕ್ಷಪಾತ ಹೋಗುತ್ತದೆ ಎಂಬ ನಂಬಿಕೆಗೆ 1936ರ ಅಮೆರಿಕದ ಚುನಾವಣೆಯೇ ಉತ್ತರ. ಯಾರಿಗೆ ಮತ ಎಂದು ಕೇಳಿ ಚೀಟಿ ಕಳಿಸಿದ್ದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ ಬಂದದ್ದು 20 ಲಕ್ಷಕ್ಕೂ ಮೀರಿದ ಉತ್ತರಗಳು. ಸೂತ್ರದ ಪ್ರಕಾರ ದೋಷ ಶೇಕಡಾ ಒಂದರ ಹತ್ತನೇ ಭಾಗದಷ್ಟೂ ಇರಬಾರದಿತ್ತು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ, ರೂಸ್‌ವೆಲ್ಟ್ ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಯಾರಿಗೆ ಚೀಟಿ ಹೋಯಿತು, ಅವರಲ್ಲಿ ಯಾರು ಉತ್ತರಿಸಿದರು ಎಂಬುದರಲ್ಲೇ ವಾಲಿಕೆ ಇತ್ತು. ವಿಶ್ವಾಸಾಂತರ ಅಳೆಯುವುದು ಯಾದೃಚ್ಛಿಕ ಆಯ್ಕೆಯಿಂದಾಗುವ ಏರುಪೇರನ್ನು ಮಾತ್ರ. ವಾಲಿಕೆ ಅದರ ಕಣ್ಣಿಗೆ ಬೀಳುವುದಿಲ್ಲ.

ಎಷ್ಟು ಜನ ಬೇಕು? ಶೇ 95ರ ವಿಶ್ವಾಸಕ್ಕೆ, ಪ್ರಮಾಣ ಏನಿರಬಹುದೆಂಬ ಅಂದಾಜೇ ಇಲ್ಲದಿದ್ದರೆ, 5 ಶೇಕಡಾಂಶದ ದೋಷಮಿತಿಗೆ 385, 3ಕ್ಕೆ 1,068, 1ಕ್ಕೆ 9,604. ದೋಷ ಅರ್ಧವಾಗಬೇಕಾದರೆ ಜನ ನಾಲ್ಕು ಪಟ್ಟು. ಸಮಷ್ಟಿ ಒಂದು ಲಕ್ಷವಿರಲಿ ಹತ್ತು ಕೋಟಿ ಇರಲಿ, ಈ ಸಂಖ್ಯೆಗಳು ಹೆಚ್ಚು ಬದಲಾಗುವುದಿಲ್ಲ. ಇವು ಉತ್ತರ ಕೊಟ್ಟವರ ಸಂಖ್ಯೆ ಎಂಬುದು ನೆನಪಿರಲಿ.

ಎರಡು ಗುಂಪುಗಳನ್ನು ಹೋಲಿಸುವಾಗ ಅಂತರಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ಕಣ್ಣಳತೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಎರಡೂ ದೊಡ್ಡ ಸ್ಯಾಂಪಲ್‌ಗಳು, ಸರಾಸರಿ 10 ಮತ್ತು 13, ಮಾನಕ ದೋಷ ಎರಡಕ್ಕೂ 1 ಎನ್ನಿ. ಮೊದಲನೆಯದು ಸುಮಾರು 12ಕ್ಕೆ ಮುಗಿಯುತ್ತದೆ, ಎರಡನೆಯದು 11ಕ್ಕೆ ಶುರುವಾಗುತ್ತದೆ. ಒಂದನ್ನೊಂದು ದಾಟಿವೆ. ಆದರೆ ವ್ಯತ್ಯಾಸದ್ದೇ ಅಂತರ ಲೆಕ್ಕ ಹಾಕಿ: ಮಾನಕ ದೋಷ 1.41, ಅಂತರ 0.2ರಿಂದ 5.8. ಸೊನ್ನೆ ಅದರೊಳಗಿಲ್ಲ. ವ್ಯತ್ಯಾಸದ ಬಗ್ಗೆ ಪ್ರಶ್ನೆ ಇದ್ದರೆ ವ್ಯತ್ಯಾಸಕ್ಕೇ ಅಂತರ ಕಟ್ಟಿ.

ಪ್ರಮಾಣ ಸೊನ್ನೆಗೆ ಹತ್ತಿರ ಬಂದಾಗ ಮೇಲಿನ ಸರಳ ಸೂತ್ರ ಕೈಕೊಡುತ್ತದೆ. 20 ಪೊಟ್ಟಣಗಳಲ್ಲಿ ಒಂದು ಸೋರುತ್ತಿದ್ದರೆ ಅದು ಕೊಡುವುದು ಶೇ ಮೈನಸ್ 4.6ರಿಂದ 14.6. ಋಣ ಪ್ರಮಾಣ ಎಂಬುದಿಲ್ಲ. ಸೊನ್ನೆಯಲ್ಲಿ ಕತ್ತರಿಸಿಬಿಟ್ಟರೂ ಮೇಲಿನ ತುದಿ ತಪ್ಪಾಗಿಯೇ ಉಳಿಯುತ್ತದೆ. 1927ರ ವಿಲ್ಸನ್ ಸೂತ್ರ ಕೊಡುವುದು ಶೇ 0.9ರಿಂದ 23.6, ಅದನ್ನೇ ಬಳಸಿ. ಒಂದೂ ಸೋರಿಕೆ ಸಿಗದಿದ್ದಾಗ ಸರಳ ಸೂತ್ರ ಅಂತರದ ಅಗಲವನ್ನೇ ಸೊನ್ನೆ ಮಾಡಿಬಿಡುತ್ತದೆ. ಅಲ್ಲಿಗೆ ಇನ್ನೊಂದು ದಾರಿ ಇದೆ: 3ನ್ನು ನೋಡಿದ ಸಂಖ್ಯೆಯಿಂದ ಭಾಗಿಸಿ. 100ರಲ್ಲಿ ಒಂದೂ ಇಲ್ಲದಿದ್ದರೆ ಶೇ 95ರ ಮೇಲ್ಮಿತಿ ಸುಮಾರು ಶೇ 3. ಸೋರಿಕೆ ಶೇ 1ರೊಳಗಿದೆ ಎಂದು ತೋರಿಸಬೇಕಾದರೆ 300 ನೋಡಿ ಒಂದೂ ಸಿಗಬಾರದು. ಒಂದಕ್ಕೆ ಅವಕಾಶ ಬೇಕೆಂದರೆ ಸುಮಾರು 475 ನೋಡಬೇಕು, ಅದನ್ನು ಮೊದಲೇ ನಿರ್ಧರಿಸಿರಬೇಕು. 300ರಲ್ಲಿ ಒಂದು ಸಿಕ್ಕಮೇಲೆ ‘ಇನ್ನಷ್ಟು ನೋಡೋಣ’ ಎಂದು ಮುಂದುವರಿಸಿದರೆ ಆ ಶೇ 95 ನಿಲ್ಲುವುದಿಲ್ಲ.