ಅದಿರಿನ ನಾಲ್ಕು ಪಾಲು

ಬಳ್ಳಾರಿಯ ನಮ್ಮ ಕಾಲೇಜಿನಲ್ಲಿ ಭೂವಿಜ್ಞಾನದ ಪದವಿ ಮುಗಿಸಿ, ಸ್ನಾತಕೋತ್ತರ ಓದಿಗಾಗಿ ಜರ್ಮನಿಯ ಸ್ಯಾಕ್ಸನಿ ರಾಜ್ಯದ ಫ್ರೈಬರ್ಗ್‌ಗೆ ಹೋದ ನಾನು, ಈಗ ಹಲವು ದೇಶಗಳ ಗಣಿಗಳಲ್ಲಿರುವ ಅದಿರನ್ನು ಅಂದಾಜು ಮಾಡುವ ತಂಡದಲ್ಲಿದ್ದೇನೆ. ಅಲ್ಲಿನ ಓದು ಈ ಕೆಲಸಕ್ಕೆ ಹೇಗೆ ಒದಗಿತು ಎಂದು ಕಿರಿಯರು ಕೇಳುತ್ತಿರುವುದರಿಂದ, ಅದನ್ನೇ ಇಲ್ಲಿ ಬರೆಯುತ್ತೇನೆ.

ಫ್ರೈಬರ್ಗ್‌ನ ಗಣಿ ವಿಶ್ವವಿದ್ಯಾಲಯ ಆರಂಭವಾದದ್ದು 1765ರಲ್ಲಿ. ಜರ್ಮೇನಿಯಂ ಧಾತುವನ್ನು 1886ರಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಪತ್ತೆ ಮಾಡಿದ್ದೂ ಅಲ್ಲಿಯೇ. ಬೆಳ್ಳಿಯ ಗಣಿಗಾರಿಕೆ ನಿಂತು ಎಷ್ಟೋ ಕಾಲವಾದರೂ, ಒಂದು ಹಳೆಯ ಗಣಿಯನ್ನು ಪಾಠಕ್ಕೂ ಸಂಶೋಧನೆಗೂ ಉಳಿಸಿಕೊಂಡಿದ್ದಾರೆ. ಇಷ್ಟು ಹಿರಿಮೆಯ ಊರಿನಲ್ಲಿ ನನ್ನನ್ನು ತಿದ್ದಿದ್ದು ತೀರ ಸಾಮಾನ್ಯವಾದ ಒಂದು ಕೆಲಸ: ಅದಿರಿನ ಮಾದರಿ ತೆಗೆಯುವುದು.

ಪುಡಿ ಅದಿರನ್ನು ಗೋಪುರದಂತೆ ಗುಡ್ಡೆ ಹಾಕಿ, ಮೇಲಿನಿಂದ ಒತ್ತಿ ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುವ ವಿಧಾನವನ್ನು ನಮ್ಮ ಗುರುಗಳು ಕಾಲೇಜಿನಲ್ಲೇ, ಸಂಡೂರಿನ ಹೆಮಟೈಟ್ ಎಂಬ ಕಬ್ಬಿಣದ ಅದಿರನ್ನು ತಾಡಪತ್ರಿಯ ಮೇಲೆ ಸುರಿದು, ಅಂಗೈಯೆಲ್ಲ ಕೆಂಪಾಗುವವರೆಗೆ ಮಾಡಿಸಿದ್ದರು. ಫ್ರೈಬರ್ಗ್‌ನಲ್ಲೂ ಅದೇ ವಿಧಾನ. ಆದರೆ ಅಲ್ಲಿ ಪ್ರತಿ ಚೀಲದ ತೂಕ, ತೇವಾಂಶ, ತೆಗೆದ ಜಾಗ, ತೆಗೆದವರ ಹೆಸರನ್ನು ದಾಖಲಿಸಬೇಕಿತ್ತು. ಕೆಲವು ಮಾದರಿಗಳ ಜೋಡಿಯನ್ನು ಗುರುತು ಮರೆಸಿ ಮತ್ತೊಮ್ಮೆ ಪರೀಕ್ಷೆಗೆ ಕಳಿಸಬೇಕಿತ್ತು. ಕೊನೆಗೆ ಚಿಲಿ, ಮಂಗೋಲಿಯಾ, ಘಾನಾ ದೇಶಗಳ ಸಹಪಾಠಿಗಳ ಮುಂದೆ ನಿಂತು ಎಲ್ಲಕ್ಕೂ ಉತ್ತರ ಕೊಡಬೇಕಿತ್ತು. “ಇಲ್ಲಿಂದಲೇ ಏಕೆ ತೆಗೆದೆ?” ಎಂದು ಅವರು ಪ್ರಾಧ್ಯಾಪಕರನ್ನೂ ಅಷ್ಟೇ ಸಹಜವಾಗಿ ಕೇಳುತ್ತಿದ್ದರು. ಹಿರಿಯರಿಗೆ ಎದುರಾಡಬಾರದೆಂದು ಬೆಳೆದ ನನಗೆ ಇದು ರೂಢಿಯಾಗಲು ದಿನಗಳೇ ಹಿಡಿದವು. ನನ್ನ ಮಟ್ಟಿಗೆ, ವಿದೇಶದ ಓದಿನಿಂದ ದೊರೆತ ದೊಡ್ಡ ಲಾಭವೇ ಇದು.

ಏಕೆಂದರೆ ನಮ್ಮ ವರದಿಯನ್ನು ನಂಬಿ ಹಣ ಹೂಡುವವರು ಆ ಬೆಟ್ಟವನ್ನು ಎಂದೂ ಕಂಡವರಲ್ಲ. ಇಂಡೋನೇಷ್ಯಾದಲ್ಲಿ ಅಪಾರ ಚಿನ್ನ ಸಿಕ್ಕಿದೆ ಎಂದಿದ್ದ ಕೆನಡಾದ ಬ್ರೆ-ಎಕ್ಸ್ ಕಂಪನಿಯ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದು 1997ರಲ್ಲಿ ಬಯಲಾಗಿ, ಎಷ್ಟೋ ಜನರ ಉಳಿತಾಯ ಮುಳುಗಿತು. ಕೆನಡಾ 2001ರಲ್ಲಿ ಬಿಗಿಯಾದ ನಿಯಮಗಳನ್ನು ತಂದಿತು. ಅದಿರಿನ ಅಂದಾಜನ್ನು ವರದಿ ಮಾಡುವ ನಿಯಮಗಳಾದ ಆಸ್ಟ್ರೇಲಿಯಾದ ಜೋರ್ಕ್ ಸಂಹಿತೆಯಂತೆ, ಆ ಬಗೆಯ ನಿಕ್ಷೇಪದಲ್ಲಿ ಕನಿಷ್ಠ 5 ವರ್ಷ ಅನುಭವವಿರುವ ತಜ್ಞರೊಬ್ಬರು ತಮ್ಮ ಹೆಸರಿನಲ್ಲೇ ಅಂದಾಜಿನ ಹೊಣೆ ಹೊರಬೇಕು. ಯಾರು ಏನೇ ಕೇಳಿದರೂ ದಾಖಲೆ ತೆಗೆದು ತೋರಿಸಬಲ್ಲವರಿಗೆ ಮಾತ್ರ ಅಂಥ ಹೊಣೆ ಸಲ್ಲುತ್ತದೆ.

ಭಾಷೆಯ ವಿಷಯವನ್ನೂ ಹೇಳಲೇಬೇಕು. ನನ್ನ ಕೋರ್ಸ್ ಇಂಗ್ಲಿಷಿನಲ್ಲಿತ್ತು. ಆದರೆ ಪ್ರಬಂಧದ ಕೆಲಸಕ್ಕೆಂದು ಸೇರಿದ ಘಟಕದಲ್ಲಿ ಯಂತ್ರ ನಡೆಸುವವರೆಲ್ಲ ಜರ್ಮನ್ ಆಡುತ್ತಿದ್ದರು, ಮತ್ತು ಯಂತ್ರದ ಗುಣ ಅವರಷ್ಟು ಬಲ್ಲವರು ಯಾರೂ ಇರಲಿಲ್ಲ. ಪದವಿಯ ನಂತರ ಕೆಲಸ ಹುಡುಕಲು ಜರ್ಮನಿ 18 ತಿಂಗಳವರೆಗೆ ವಾಸದ ಪರವಾನಗಿ ಕೊಡುತ್ತದೆಯಾದರೂ, ಭಾಷೆ ಬಾರದವರಿಗೆ ಆ ಅವಧಿ ಸಾಲುವುದು ಕಷ್ಟ. ಆದ್ದರಿಂದ ಹೊರಡಬಯಸುವ ತಮ್ಮ-ತಂಗಿಯರು ಬಳ್ಳಾರಿಯಲ್ಲಿರುವಾಗಲೇ ಜರ್ಮನ್ ಕಲಿಯಲು ತೊಡಗಲಿ; ಸಂಡೂರಿನ ಕ್ಷೇತ್ರ ಪ್ರವಾಸದ ಟಿಪ್ಪಣಿಯನ್ನು, ಬೇರೊಬ್ಬರು ಅದನ್ನು ಓದಿಕೊಂಡೇ ಅದೇ ಬಂಡೆಯ ಬಳಿಗೆ ತಲುಪುವಷ್ಟು ಸ್ಪಷ್ಟವಾಗಿ ಬರೆದಿಡಲಿ.