ಬಿಸ್ಕತ್ ಡಬ್ಬದ ಬಿಲ್ಲುಗಳು

ಜುಲೈ 31ರ ಗಡುವು ನೆನಪಾಗಿ ನಿನ್ನೆ ರಾತ್ರಿ ಟ್ಯಾಕ್ಸ್ ಕಾಗದ ಹುಡುಕಲು ಕೂತೆ. ನಮ್ಮ ಮನೆಯಲ್ಲಿ ಅವೆಲ್ಲ ಇರುವುದು ಹಳೇ ಬಿಸ್ಕತ್ ಡಬ್ಬದಲ್ಲಿ. ಅಪ್ಪನ ಔಷಧಿ ಬಿಲ್ಲುಗಳನ್ನು ತೆಗೆದರೆ ಅರ್ಧಕ್ಕರ್ಧ ಬರೀ ಬಿಳಿ ಚೀಟಿ! ಆ ನುಣುಪು ಕಾಗದದಲ್ಲಿ ಶಾಯಿಯೇ ಇರುವುದಿಲ್ಲ, ಬಿಸಿ ತಾಗಿಸಿ ಮೂಡಿಸಿದ ಅಕ್ಷರ. ದಿನ ಕಳೆದಂತೆ ಮಾಸಿಹೋಗುತ್ತದೆ.

ಅಪ್ಪನಿಗೆ 72, ಆರೋಗ್ಯ ವಿಮೆ ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿ ರಿಟರ್ನ್ಸ್ ಹಾಕುವ ನನ್ನಂಥವರಿಗೆ, 60 ದಾಟಿದ, ವಿಮೆ ಇಲ್ಲದ ಅಪ್ಪ ಅಮ್ಮನ ಚಿಕಿತ್ಸೆ ಖರ್ಚಿಗೆ ತೆರಿಗೆ ಬೀಳುವ ಆದಾಯದಲ್ಲಿ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಆದರೆ ನಗದು ಕೊಟ್ಟಿದ್ದರೆ ಲೆಕ್ಕಕ್ಕಿಲ್ಲ. ನಾನೋ, ಅಪ್ಪನ ಜೇಬಿಗೆ ಐನೂರರ ನೋಟು ತುರುಕಿ ಕಳಿಸಿದ್ದೇ ಜಾಸ್ತಿ.

ಇವತ್ತು ಮೆಡಿಕಲ್ ಶಾಪಿನಲ್ಲಿ ನಾನೇ ಫೋನ್‌ನಿಂದ ದುಡ್ಡು ಹಾಕಿದೆ. ಅಲ್ಲೇ ನಿಂತು ಬಿಲ್ಲಿನ ಫೋಟೋ ತೆಗೆದು ನನಗೇ ವಾಟ್ಸಾಪ್ ಮಾಡಿಕೊಂಡೆ. "ನಿಂಗೆ ನೀನೇ ಮೆಸೇಜ್ ಮಾಡ್ಕೋತೀಯಾ?" ಎಂದು ಅಮ್ಮ ನಕ್ಕಳು. ನಗಲಿ ಬಿಡಿ, ಅವಳಿಗೆ ಆ ಹಕ್ಕಿದೆ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಆಯಾ ದಿನವೇ ಬರೆಯುತ್ತಾಳೆ. ಹಾಲಿನವನೂ ಅದನ್ನೇ ನೋಡಿ ಸುಮ್ನೆ ದುಡ್ಡು ತೆಗೆದುಕೊಂಡು ಹೋಗುತ್ತಾನೆ.