ಜೋಗಿಮಟ್ಟಿಯನ್ನು ಭಾವ ಕಣ್ತುಂಬ ನೋಡಿದ್ದು

ನಮ್ಮ ಕಡೆ ಗಂಡಸರು ಟ್ರಿಪ್ ಹೊರಟರೆ ಡಿಕ್ಕಿಯಲ್ಲಿ ಏನಿದೆ ಅಂತ ಕೇಳುವ ಹಾಗೇ ಇಲ್ಲ. ಗುಡ್ಡವೋ ಕೆರೆಯೋ ಡ್ಯಾಮೋ, ಜಾಗ ಬರೀ ನೆಪ, ಎಣ್ಣೆ ಮುಖ್ಯ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ನಮ್ಮ ಭಾವ ಹೀಗೆ ಗೆಳೆಯರ ಜೊತೆ ಚಿತ್ರದುರ್ಗದ ಜೋಗಿಮಟ್ಟಿಗೆ ಎಷ್ಟು ಸಲ ಹೋಗಿದ್ದಾರೋ ಅವರಿಗೇ ಲೆಕ್ಕವಿಲ್ಲ. ಆದರೆ ಮೇಲೆ ಏನೇನಿದೆ ಅಂತ ಕೇಳಿದರೆ, "ಗಾಳಿ ಭಾಳ, ಕಡ್ಡಿ ಗೀರಿದ್ರೆ ಬೀಡಿ ಹತ್ತಂಗಿಲ್ಲ" ಅನ್ನುವುದರಾಚೆ ಏನೂ ನೆನಪಿರಲಿಲ್ಲ.

ಅವರು ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ದಸರಾ ಮುಗಿದು ದೀಪಾವಳಿ ಇನ್ನೂ ದೂರವಿದ್ದ ಒಂದು ಭಾನುವಾರ, ಅದೇ ಜೋಗಿಮಟ್ಟಿಗೆ ಹೋಗಿ ಬರೋಣ ಅಂದೆ. ಅಕ್ಕ ಹುಬ್ಬು ಗಂಟಿಕ್ಕಿದಳು. "ಊರಾಗೆ ಬೇರೆ ಜಾಗ ಇಲ್ಲೇನು? ಹಳೇ ಅಡ್ಡಕ್ಕೇ ಯಾಕೆ?" ಅವಳ ಅನುಮಾನ ಸುಳ್ಳಲ್ಲ. ಕುಡಿದ ಜಾಗ, ಜೊತೆಗಾರರು, ಹೊತ್ತು, ನೆಂಚಿಕೊಂಡ ತಿಂಡಿ, ಇವೆಲ್ಲ ಬಿಟ್ಟವರನ್ನು ಮತ್ತೆ ಕರೆಯುತ್ತವೆ ಅಂತ ಡಾಕ್ಟರೇ ಹೇಳಿದ್ದರು. ಕಡೆಗೆ ಭಾವನೇ ಷರತ್ತು ಹಾಕಿದರು. ಬೆಳಿಗ್ಗೆ ಬೇಗ ಹೋಗಬೇಕು, ಹಳೇ ಗೆಳೆಯರು ಬೇಡ, ಬುತ್ತಿಯಲ್ಲಿ ಖಾರ ಮಂಡಕ್ಕಿ ಇರಬಾರದು. ಮಂಡಕ್ಕಿ ಹುರಿದೇ ಹೊಟ್ಟೆ ಹೊರೆಯುವ ಮನುಷ್ಯ ಮಂಡಕ್ಕಿ ಬೇಡ ಅಂದದ್ದು ಕೇಳಿ ಅಕ್ಕ ನಕ್ಕು, ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಕೊಟ್ಟಳು.

ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿನಷ್ಟು ದಾರಿ. ಆ ರಸ್ತೆಯ ಬಗ್ಗೆ ಬರೆಯುವಂಥದ್ದೇನಿಲ್ಲ. ದುರ್ಗ ಹತ್ತಿರವಾದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಕಾಣತೊಡಗುತ್ತವೆ. ಭಾವ ದಾರಿಯುದ್ದಕ್ಕೂ ಆಸ್ಪತ್ರೆಯ ಕಥೆ ಹೇಳಿದರು. ಮೊದಲೊಮ್ಮೆ ಹಟಕ್ಕೆ ಬಿದ್ದು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಿದ್ದರಂತೆ. ಕೈನಡುಕ, ಬೆವರು, ಎರಡನೇ ರಾತ್ರಿ ಗೋಡೆಯ ಮೇಲೆ ಇಲ್ಲದ ಹುಳ ಹರಿದಾಡಿದ್ದು. ಅದು ತಮಾಷೆಯಲ್ಲ. ವರ್ಷಗಟ್ಟಲೆ ಜೋರಾಗಿ ಕುಡಿದವರು ದಿಢೀರ್ ಬಿಟ್ಟರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಣೆಯಾಗಬಹುದು, ಜೀವಕ್ಕೇ ಅಪಾಯವಾಗಬಹುದು. ಎರಡನೇ ಸಲ ಆಸ್ಪತ್ರೆಗೆ ಸೇರಿ, ಮಾತ್ರೆ, ಬಿ1 ವಿಟಮಿನ್ ತಗೊಂಡು ಸರಿಯಾಗಿ ಬಿಟ್ಟರು. ಗುಡ್ಡ, ಕಾಡು ಅನ್ನುವುದೆಲ್ಲ ಅದಾದ ಮೇಲಿನ ಮಾತು. ಪ್ರಕೃತಿಯೇ ಔಷಧಿ ಅಂತ ಮೊಬೈಲಿನಲ್ಲಿ ಹರಿದಾಡುವ ಮಾತು ನಂಬಿ ಯಾರೂ ಆಸ್ಪತ್ರೆ ತಪ್ಪಿಸಬಾರದು.

ದುರ್ಗದಿಂದ ಜೋಗಿಮಟ್ಟಿಗೆ ಹತ್ತು ಹನ್ನೆರಡು ಕಿಲೋಮೀಟರ್. ದಾರಿಯಲ್ಲೇ ಆಡುಮಲ್ಲೇಶ್ವರ, ಅಲ್ಲೊಂದು ಕಿರು ಮೃಗಾಲಯ. ಬೋನಿನಲ್ಲಿ ಅತ್ತಿಂದಿತ್ತ ತಿರುಗುವ ಪ್ರಾಣಿ ನೋಡುವ ಮನಸ್ಸು ಇಬ್ಬರಿಗೂ ಇರಲಿಲ್ಲ, ಮುಂದೆ ಹೋದೆವು. ಇದು ವನ್ಯಜೀವಿಧಾಮ. ಕರಡಿ, ಚಿರತೆ ಇರುವ ಕಾಡಾದ್ದರಿಂದ ಇಲಾಖೆಯವರು ಹೇಳಿದ ಜಾಗ ಬಿಟ್ಟು ಅಡ್ಡಾಡುವಂತಿಲ್ಲ. ಗೇಟಿನಲ್ಲಿ ಗಾಡಿ ತಪಾಸಣೆ ಮಾಡಿದರು. ಸಿಬ್ಬಂದಿ ಡಿಕ್ಕಿ ತೆಗೆಸಿದಾಗ ಭಾವನ ಮುಖದಲ್ಲಿ ಹೆಮ್ಮೆ ಕಂಡಿತು. "ನೋಡ್ರಿ ಸಾರ್, ಚೆನ್ನಾಗಿ ನೋಡ್ರಿ" ಅಂತ ತಾವೇ ಮುಂದೆ ನಿಂತು ಬುತ್ತಿ ಗಂಟನ್ನೂ ಬಿಚ್ಚಿ ತೋರಿಸಿದರು.

ಜೋಗಿಮಟ್ಟಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರ. ಬಯಲುಸೀಮೆಯ ಮಧ್ಯೆ ಇಷ್ಟು ಎದ್ದು ನಿಂತದ್ದರಿಂದಲೇ ಆ ಗಾಳಿ. ನಾವು ಹೋದಾಗ ಇನ್ನೂ ಮಂಜು ಕರಗಿರಲಿಲ್ಲ. ಮಳೆಗಾಲ ಆಗತಾನೇ ಮುಗಿದಿತ್ತು, ಗುಡ್ಡದ ಹುಲ್ಲು ಕೆಳಗಿನಿಂದ ಹಳದಿಗೆ ತಿರುಗುತ್ತಿತ್ತು. ಹಾಗಂತ ಇದು ಮಲೆನಾಡಲ್ಲ. ಬಂಡೆ, ಬಂದರಿಕೆ, ಕಾರೆ ಮುಳ್ಳು, ನಡುನಡುವೆ ಸೀತಾಫಲದ ಗಿಡ. ಆಗುಂಬೆಗೆ ಹೋದವರಿಗೆ ಇದೇನು ಕಾಡು ಅನ್ನಿಸೀತು. ನನಗೆ ಮಾತ್ರ ಈ ಕುರುಚಲು ಕಾಡೇ ಇಷ್ಟ, ಇಲ್ಲಿ ದೂರದವರೆಗೆ ಕಣ್ಣು ಹಾಯುತ್ತದೆ.

ದಾರಿ ಬದಿಯಲ್ಲಿ ಭಾವ ಥಟ್ಟನೆ ಕುಕ್ಕರುಗಾಲಲ್ಲಿ ಕುಳಿತರು. ನೆಲದ ಮೇಲೆ ಇರುವೆಗಳು ಗೂಡು ಕಟ್ಟಿದ್ದವು. ನಡುವೆ ಒಂದು ತೂತು, ಅದರ ಸುತ್ತ ಮಣ್ಣಿನ ಎಸಳುಗಳು, ಒಂದರ ಹೊರಗೆ ಇನ್ನೊಂದು, ಯಾರೋ ಕುಸುರಿ ಮಾಡಿಟ್ಟಂತೆ. ಒಂದು ಇರುವೆ ತನಗಿಂತ ದೊಡ್ಡ ಹುಲ್ಲುಬೀಜ ಎಳೆದು ತಂದು, ಎಸಳಿನ ಏರಿ ದಾಟಲಾಗದೆ ಜಾರಿತು. ಮತ್ತೆ ಹತ್ತಿತು, ಮತ್ತೆ ಜಾರಿತು. ಮೂರನೆಯದೊಂದು ಬಂದು ಹಿಂದಿನಿಂದ ನೂಕಿ... ಅಲ್ಲ, ಎರಡನೆಯದೇ ಇರಬೇಕು, ಭಾವ ಇದರ ಬಗ್ಗೆ ನನ್ನ ಜೊತೆ ವಾದಕ್ಕೇ ನಿಂತರು. ಕಾಲು ಜೋಮು ಹಿಡಿಯುವವರೆಗೆ ಅಲ್ಲಿಂದ ಏಳಲಿಲ್ಲ.

ಇದರಲ್ಲಿ ಏನು ವಿಶೇಷ ಅಂದರೆ, ಬಿಟ್ಟ ಹೊಸತರಲ್ಲಿ ಈ ಮನುಷ್ಯನಿಗೆ ಯಾವುದೂ ರುಚಿಸುತ್ತಿರಲಿಲ್ಲ. ಊಟ ಸಪ್ಪೆ, ಟಿವಿ ಬೇಜಾರು, ಮೊಮ್ಮಗುವಿನ ಆಟವೂ ಗಲಾಟೆ. ವರ್ಷಗಟ್ಟಲೆ ಮದ್ಯದಿಂದ ಸಿಕ್ಕ ಖುಷಿಗೇ ಒಗ್ಗಿಹೋದ ಮಿದುಳಿಗೆ ಸಣ್ಣಪುಟ್ಟ ಸಂತೋಷ ತಟ್ಟುವುದಿಲ್ಲ, ಅದು ಮರಳಲು ತಿಂಗಳುಗಳೇ ಬೇಕು. ಎಷ್ಟೋ ಜನ "ಬಿಟ್ಟರೂ ಸುಖ ಇಲ್ಲ" ಅಂತ ಮತ್ತೆ ಹಿಡಿಯುವುದು ಈ ಘಟ್ಟದಲ್ಲೇ. ಅಂಥವರೊಬ್ಬರು ಇರುವೆ ನೋಡಿ ಅರ್ಧ ಗಂಟೆ ಮೈಮರೆತರೆ ನನಗೆ ಅದೇ ದೊಡ್ಡ ಸುದ್ದಿ.

ಪೂರ್ತಿ ಸಲೀಸಾಗಿ ಮುಗಿಯಲಿಲ್ಲ. ವ್ಯೂಪಾಯಿಂಟಿನ ಹತ್ತಿರ ಬಂಡೆ ಸಂದಿಯಲ್ಲಿ ಒಡೆದ ಬಾಟಲಿಗಳು. ತಪಾಸಣೆ ಇದ್ದರೂ ಹೇಗೋ ತರುತ್ತಾರೆ. ಒಂದರಲ್ಲಿ ಇನ್ನೂ ವಾಸನೆಯಿತ್ತು. ಭಾವ ಅದನ್ನೇ ನೋಡುತ್ತ ನಿಂತರು, ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. "ತಮ್ಮಾ, ನಡಿ, ನಿಲ್ಲಬ್ಯಾಡ" ಅಂದರು. ಸರಸರ ನಡೆದೆವು. ಸೆಳೆತ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಅಷ್ಟು ಹೊತ್ತು ಕೈಕಾಲಿಗೆ ಕೆಲಸ ಕೊಡಬೇಕು ಅಂತ ಅವರಿಗೆ ಕಲಿಸಿದ್ದರು. ಮನೆಯಲ್ಲಾದರೆ ಆ ಅರ್ಧ ಗಂಟೆ ಹಜಾರದಿಂದ ಅಡುಗೆಮನೆಗೆ ಓಡಾಡಿ, ಅಕ್ಕನ ಮೇಲೆ ರೇಗಿ ಕಳೆಯಬೇಕು. ಇಲ್ಲಿ ಏರು ದಾರಿ ಇತ್ತು, ಎದುರುಗಾಳಿ ಇತ್ತು, ಏದುಸಿರಿನಲ್ಲಿ ಮಾತಾಡಬೇಕಾದ ಕಷ್ಟವೂ ಇರಲಿಲ್ಲ. ಕಾಡಿನ ಉಪಯೋಗ ನಾನು ಕಣ್ಣಾರೆ ಕಂಡದ್ದು ಇಷ್ಟು.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಿಂದ ಹಸಿರು ಕಾಣುವವರಿಗೆ ಮದ್ಯ, ಸಿಗರೇಟು, ಕುರುಕಲು ತಿಂಡಿಯ ಸೆಳೆತ ಕಮ್ಮಿ ಇದ್ದದ್ದು ಕಂಡುಬಂದಿತ್ತು. ಹಸಿರೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಭಟ್ಟಿಯ ಕಾವಿನಲ್ಲಿ, ಹೊಗೆಯಲ್ಲಿ ದಿನವಿಡೀ ಬೇಯುವವರ ಕಿಟಕಿಗೆ ಹಸಿರನ್ನು ಎಲ್ಲಿಂದ ತರುವುದು ಅನ್ನುವುದು ಬೇರೆ ಪ್ರಶ್ನೆ.

ಮಧ್ಯಾಹ್ನ ಇಳಿದು ಚಂದ್ರವಳ್ಳಿಗೆ ಬಂದು ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ಜಾಗ ಇದು. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ನಾಲ್ಕನೇ ಶತಮಾನದ ಶಾಸನವಿದೆ. ಅವನು ಗೆದ್ದ ಪಲ್ಲವ, ಆಭೀರ ಮುಂತಾದವರ ಹೆಸರೆಲ್ಲ ಅದರಲ್ಲಿದ್ದರೂ ಶಾಸನ ಕೆತ್ತಿಸಿದ್ದು ಕೆರೆ ಕಟ್ಟಿಸಿದ್ದಕ್ಕೆ. ಭಾವನಿಗೆ ಅದನ್ನು ವಿವರಿಸುತ್ತಿದ್ದರೆ ಅವರು ಆಗಲೇ ಟವೆಲ್ ಹಾಸಿ ನಿದ್ದೆ ಹೋಗಿದ್ದರು. ಮಾತ್ರೆ ಇಲ್ಲದೆ ಹಗಲು ನಿದ್ದೆ! ಎಬ್ಬಿಸಲು ಮನಸ್ಸಾಗದೆ ಅಂಕಲಿ ಮಠದ ಗುಹೆಗಳನ್ನು ಕೈಬಿಟ್ಟೆ.

ವಾಪಸ್ ಹೊರಡುವ ಹೊತ್ತನ್ನು ಮಾತ್ರ ಲೆಕ್ಕ ಹಾಕಿ ಇಟ್ಟುಕೊಂಡಿದ್ದೆವು. ಬಿಟ್ಟವರಿಗೆ ಕಷ್ಟದ್ದು ಸಂಜೆ ಆರರಿಂದ ಒಂಬತ್ತು. ದಿನಾ ಜೋಗಿಮಟ್ಟಿಗೆ ಬರಲಾದೀತೇ? ಹಾಗಾಗಿ ಭಟ್ಟಿ ಮುಚ್ಚಿದ ಕೂಡಲೇ ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಸುತ್ತು ಹಾಕುವುದು, ಬಿಡುವಿದ್ದಾಗ ಕೊಂಡಜ್ಜಿ ಗುಡ್ಡ, ಹೀಗೆ ಕಾರಿನಲ್ಲೇ ಒಪ್ಪಂದವಾಯಿತು. ಮೊದಲಿನ ದಾರಿಯಲ್ಲಿ ಮೂರು ವೈನ್ ಶಾಪ್ ಸಿಗುತ್ತವೆ, ಕೆರೆಗೆ ಹೋಗುವ ದಾರಿಯನ್ನು ಭಾವನೇ ಬದಲಿಸಿಕೊಂಡರು. ಯಾರಿಗಾದರೂ ಬೇಕಾದರೆ ಇರಲಿ ಅಂತ ಬರೆಯುತ್ತೇನೆ, ವ್ಯಸನ ಬಿಡುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 14446.

ಮನೆ ಮುಟ್ಟಿದಾಗ ಅಕ್ಕ ಮೊದಲು ಭಾವನ ಹತ್ತಿರ ನಿಂತು ಮೂಗಿನಿಂದ ಪರೀಕ್ಷೆ ಮಾಡಿದಳು. ಭಾವ ಬೇಸರಪಡಲಿಲ್ಲ, ಇರುವೆ ಕಥೆ ಶುರು ಮಾಡಿದರು. ಅವಳು ಖಾಲಿ ಡಬ್ಬಿಗಳನ್ನು ತೊಳೆಯಲು ಹಾಕುತ್ತ ಕೇಳಿಸಿಕೊಂಡಳು, ಆಮೇಲೆ ನನ್ನ ಕಡೆ ತಿರುಗಿದಳು. "ಇವ್ರು ಕುಡುದ್ರೂ ನಾನೇ ಮನ್ಯಾಗೆ, ಬಿಟ್ರೂ ನಾನೇ ಮನ್ಯಾಗೆ. ಕೊಂಡಜ್ಜಿಗೆ ನಾನೂ ಬರ್ತೀನಿ. ರೊಟ್ಟಿ ನೀವಿಬ್ರೂ ಬಡೀರಿ."